ಬೆರಳು ಬಿಡಿಸುವವರು

ಪ್ರೆಸ್ಸಿನಲ್ಲಿ ಅವಳಿಗೆ ಫಾರಮ್ಮ ಎಂಬ ಹೆಸರು ಬಿದ್ದು ಎಷ್ಟು ವರ್ಷವಾಯಿತೋ ಅವಳಿಗೇ ನೆನಪಿಲ್ಲ. ಅಚ್ಚಾಗಿ ಬರುವ ದೊಡ್ಡ ಹಾಳೆಗೆ ಅಲ್ಲಿ ಫಾರಂ ಎನ್ನುತ್ತಾರೆ. ಅದನ್ನು ಮೂರು ಸಲ ಮಡಿಸಿದರೆ ಹದಿನಾರು ಪುಟ. ಫಾರಂ ಮಡಿಸುವ ಅಮ್ಮ ಫಾರಮ್ಮ ಆದಳು, ಇದರಲ್ಲಿ ಯಾರ ಜಾಣತನವೂ ಇಲ್ಲ. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು. ಅದು ಈಗ ಆಸ್ಪತ್ರೆಯ ಚೀಟಿಗಳಲ್ಲಿ ಮಾತ್ರ ಕಾಣಿಸುತ್ತದೆ, ಕೂಗಿದರೆ ಅವಳೇ ಹಿಂದೆ ತಿರುಗಿ ನೋಡುವುದಿಲ್ಲ.

ಅವಳ ಬೆರಳುಗಳು ಹುಟ್ಟಿದಾಗಿನಿಂದಲೇ ನಡುಗೆಣ್ಣಿನಲ್ಲಿ ಮಡಚಿಕೊಂಡಿದ್ದವು. ಎಷ್ಟು ಎಳೆದರೂ ನೇರವಾಗುತ್ತಿರಲಿಲ್ಲ. ನಾಲ್ಕೂ ಬೆರಳು ಕಿರುಬೆರಳಿನ ಕಡೆಗೆ ವಾಲಿ, ಜಾಗ ಸಾಲದ ಬೆಂಚಿನಲ್ಲಿ ಕೂತವರ ಹಾಗೆ ಒಂದರ ಮೇಲೊಂದು ಒರಗಿದ್ದವು. ಪಾದಗಳು ಒಳಕ್ಕೆ ತಿರುಗಿದ್ದವು, ಅವುಗಳ ಹೊರ ಅಂಚಿನ ಮೇಲೆ ಅವಳ ನಡಿಗೆ. ಹೊಸ ಚಪ್ಪಲಿ ಎರಡು ತಿಂಗಳಿಗೆ ಒಂದೇ ಪಕ್ಕದಲ್ಲಿ ಸವೆದು ನೆಲ ಕಾಣುತ್ತಿತ್ತು. ಅವಳ ಅಪ್ಪನಿಗೂ ಹೀಗೆಯೇ ಇತ್ತು. ಮನೆಯಲ್ಲಿ ಇದನ್ನು ಕಾಯಿಲೆ ಎಂದು ಯಾರೂ ಕರೆದವರಲ್ಲ. ‘ನಮ್ಮ ಮನೆ ಮೂಗು’ ಎಂದು ಬೇರೆಯವರು ಹೇಳಿಕೊಳ್ಳುವ ಹಾಗೆ ಇವರು ‘ನಮ್ಮ ಮನೆ ಕೈ’ ಎನ್ನುತ್ತಿದ್ದರು.

ಈ ಕೈ ಅವಳಿಗೆ ಅನ್ನ ಕೊಟ್ಟಿತು, ಅದೇ ಆಮೇಲಿನ ಎಲ್ಲ ಅನಾಹುತಕ್ಕೂ ಮೂಲ. ಪ್ರೆಸ್ಸಿನಲ್ಲಿ ಉಳಿದ ಹೆಂಗಸರು ಮಡಿಕೆಯ ಮೇಲೆ ಬಿದಿರಿನ ಪಟ್ಟಿ ಎಳೆದು ಗೆರೆ ಕೂರಿಸುತ್ತಿದ್ದರು. ಪಟ್ಟಿ ಎತ್ತಿಕೊಳ್ಳಬೇಕು, ಎಳೆಯಬೇಕು, ಕೆಳಗಿಡಬೇಕು, ಮತ್ತೆ ಹಾಳೆ ಹಿಡಿಯಬೇಕು. ಫಾರಮ್ಮನಿಗೆ ಆ ಗೋಜೇ ಇರಲಿಲ್ಲ. ಮಡಚಿದ ಗೆಣ್ಣುಗಳನ್ನೇ ಹಾಳೆಯ ಮೇಲೆ ಊರಿ ಒಮ್ಮೆ ಸರ್ರನೆ ಎಳೆದರೆ ಮುಗಿಯಿತು. ಬೇರೆಯವರು ಒಂದು ಕಟ್ಟು ಮುಗಿಸುವುದರೊಳಗೆ ಅವಳದು ಎರಡಾಗುತ್ತಿತ್ತು. ಮಾಲೀಕರು ಬಂದ ಗಿರಾಕಿಗಳನ್ನೆಲ್ಲ ಕರೆದು ತೋರಿಸುತ್ತಿದ್ದರು.

“ನೋಡಿ ಇವಳ ಕೈ! ದೇವರೇ ಮಿಷನ್ ಮಾಡಿ ಕಳಿಸಿದಾನೆ.”

ಫಾರಮ್ಮ ಹಿಗ್ಗಿ ಹೀರೇಕಾಯಿ ಆಗುತ್ತಿದ್ದಳು. ಬೀದಿಯಲ್ಲಿ ಯಾರೂ ಎರಡನೇ ಸಲ ನೋಡಲು ಬಯಸದ ಕೈಯನ್ನು ಇಲ್ಲಿ ಕರೆದು ತೋರಿಸುತ್ತಾರೆ ಎಂದರೆ ಯಾರಿಗೆ ತಾನೇ ತಲೆ ತಿರುಗುವುದಿಲ್ಲ?

ಮಗಳು ಹುಟ್ಟಿದಾಗ ಆ ಕೂಸಿನ ಮುಷ್ಟಿಯೂ ಬಿಗಿದಿತ್ತು, ಪಾದವೂ ತಿರುಗಿತ್ತು. ಮೂರನೇ ತಿಂಗಳಿಗೆ ಮಕ್ಕಳ ಆಸ್ಪತ್ರೆಯ ಡಾಕ್ಟರು ಕೂರಿಸಿಕೊಂಡು ಹೇಳಿದರು: ವಾರ ವಾರ ಬಂದು ಪಾದಕ್ಕೆ ಪ್ಲಾಸ್ಟರ್, ಕೈಗೆ ಪಟ್ಟಿ ಹಾಕಿಸಿಕೊಳ್ಳಿ, ಎಳೆ ಮೂಳೆ, ಈಗ ಬಗ್ಗುತ್ತದೆ, ಆಮೇಲೆ ಬಗ್ಗುವುದಿಲ್ಲ. ಫಾರಮ್ಮ ಒಂದು ವಾರ ಹೋದಳು. ಎರಡನೇ ವಾರ ಡಾಕ್ಟರ ಮುಂದೆಯೇ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು.

“ನೇರ ಮಾಡಿ ಕಳಿಸಿದ್ರೆ ಇವಳು ಊಟಕ್ಕೇನು ಮಾಡ್ತಾಳೆ ಸ್ವಾಮಿ? ಈ ಕೈಯಿಂದಾನೇ ನಾನು ಬದುಕ್ತಿರೋದು. ಇವಳೂ ಬದುಕ್ತಾಳೆ.”

ಆಕೆಯನ್ನು ಬೈಯುವುದು ಬಲು ಸುಲಭ. ನಾನೂ ಬೈದಿದ್ದೇನೆ. ಆದರೆ ಅವಳು ಕಂಡ ಲೋಕ ಆ ಪ್ರೆಸ್ಸಿನ ಹಿಂದಿನ ಕೋಣೆ, ಆ ಮೇಜು, ಆ ಹಾಳೆಗಳು. ಅಲ್ಲಿ ನೇರ ಬೆರಳಿನವರು ಅವಳ ಹಿಂದೆ ಉಳಿಯುತ್ತಿದ್ದರು. ಮಗಳಿಗೆ ಆಸ್ತಿ ಬಿಡುತ್ತಿದ್ದೇನೆ ಎಂದೇ ಅವಳು ತಿಳಿದಿದ್ದಳು.

ಮಗಳಿಗೆ ಹನ್ನೆರಡು ತುಂಬಿದಾಗ ಒಂದು ರಜೆಯಲ್ಲಿ ಪ್ರೆಸ್ಸಿಗೆ ಕರೆದುಕೊಂಡು ಹೋಗಿ ಮೇಜಿನ ಮುಂದೆ ಕೂರಿಸಿದಳು. ಅವತ್ತು ಗೊತ್ತಾಯಿತು, ಮಗಳ ಕೈ ಅಮ್ಮನ ಕೈ ಅಲ್ಲ. ಹೆಬ್ಬೆರಳು ಅಂಗೈಯೊಳಗೆ ಸಿಕ್ಕಿಕೊಂಡು ಅಲ್ಲೇ ಗಟ್ಟಿಯಾಗಿತ್ತು, ಮಣಿಕಟ್ಟು ಕೆಳಕ್ಕೆ ಜೋತಿತ್ತು. ಹಾಳೆಯ ಮೂಲೆ ಹಿಡಿಯಲೂ ಆಗಲಿಲ್ಲ. ಹಾಳೆ ಜಾರಿತು, ಕಟ್ಟು ಚೆಲ್ಲಿತು. ಹುಡುಗಿ ಅಳಲಿಲ್ಲ. ಇಡೀ ಕೋಣೆಯ ಮುಂದೆ ಅಮ್ಮನ ಮುಖವನ್ನೇ ನೋಡುತ್ತ ನಿಂತಳು. ಮಾರನೇ ವರ್ಷ ಮಡಿಸುವ ಯಂತ್ರ ಬಂತು, ನಿಜವಾದ ಯಂತ್ರ, ಗಂಟೆಗೆ ಸಾವಿರಗಟ್ಟಲೆ ಹಾಳೆ ನುಂಗುವಂಥದ್ದು. ಮಾಲೀಕರು ಗಿರಾಕಿಗಳನ್ನು ಕರೆದು ಅದನ್ನು ತೋರಿಸತೊಡಗಿದರು. ಫಾರಮ್ಮನಿಗೆ ಬಾಗಿಲು ತೆಗೆಯುವ, ಕಸ ಗುಡಿಸುವ ಕೆಲಸ ಉಳಿಯಿತು. ಅದೂ ಮಾಲೀಕರ ದೊಡ್ಡತನ ಎಂದು ಎಲ್ಲರೂ ಹೇಳಿದರು, ಅವಳೂ ಹೇಳಿದಳು.

ಮಗಳು ಛಲಗಾತಿ. ಕೈ ಕೊಡದ್ದನ್ನು ಗಂಟಲು ಕೊಟ್ಟಿತು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಅಂಕಣದಲ್ಲಿ ಬರುತ್ತದೆ, ಎಷ್ಟು ಗಂಟೆಗೆ ಹೊರಡುತ್ತದೆ ಎಂದು ಕೂಗುವ ಕೆಲಸ ಸಿಕ್ಕಿತು. ಅಲ್ಲಿಯೇ ಒಬ್ಬ ಲಾರಿ ಡ್ರೈವರ್ ಅವಳ ದನಿ ಕೇಳಿ, ಆಮೇಲೆ ಮುಖ ನೋಡಿ, ಕೊನೆಗೆ ಕೈ ನೋಡಿ, ಆದರೂ ಮದುವೆಯಾದ. ಒಳ್ಳೆಯವನೇ. ಆದರೆ ಅವನ ಬದುಕೆಲ್ಲ ರಸ್ತೆಯ ಮೇಲೆ. ತಿಂಗಳಿಗೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು, ಆ ಎರಡು ದಿನವೂ ನಿದ್ದೆ.

ವರ್ಷದೊಳಗೆ ಹೆಣ್ಣು ಕೂಸು ಹುಟ್ಟಿತು. ಹೆರಿಗೆ ಕೋಣೆಯಿಂದ ನರ್ಸ್ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟಾಗ ಫಾರಮ್ಮ ಮುಖ ನೋಡಲಿಲ್ಲ, ಮೊದಲು ಬಟ್ಟೆ ಸರಿಸಿ ಕೈ ನೋಡಿದಳು. ಅದೇ ಮುಷ್ಟಿ, ಹೆಬ್ಬೆರಳು ಒಳಗೆ.

ಡಾಕ್ಟರು ಈ ಸಲ ಎಲ್ಲವನ್ನೂ ಬಿಡಿಸಿ ಹೇಳಿದರು. ಇದು ವಂಶವಾಹಿಯಲ್ಲಿ ಬರುವುದು. ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗಿದ್ದರೆ ಸಾಕು, ಹುಟ್ಟುವ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ, ನಾಣ್ಯ ಚಿಮ್ಮಿದ ಹಾಗೆ.

“ನಮ್ಮನೇಲಿ ಎಲ್ಲಾ ಸಲಾನೂ ಒಂದೇ ಕಡೆ ಬಿತ್ತು ಬಿಡಿ,” ಎಂದಳು ಮಗಳು.

ಪಾದಗಳಿಗೆ ವಾರ ವಾರ ಪ್ಲಾಸ್ಟರ್ ಆಯಿತು. ಮಗಳು ಒಂದು ವಾರವನ್ನೂ ತಪ್ಪಿಸಲಿಲ್ಲ. ಪಾದ ಸುಮಾರಾಗಿ ತಿರುಗಿಕೊಂಡಿತು, ಅದಕ್ಕೆ ಬೂಟು ಕೊಟ್ಟರು. ಕೈಯ ವಿಷಯ ಬೇರೆ. ವ್ಯಾಯಾಮದ ವಿಭಾಗದ ಮೇಡಂ ಕೂಸನ್ನು ಮೇಜಿನ ಮೇಲೆ ಮಲಗಿಸಿ ಮಾಡಿ ತೋರಿಸಿದರು. ಮೊದಲು ಹೆಬ್ಬೆರಳನ್ನು ಅಂಗೈಯಿಂದ ಹೊರಗೆ ತರಬೇಕು. ಆಮೇಲೆ ಒಂದೊಂದೇ ಬೆರಳನ್ನು ಬುಡದಿಂದ ತುದಿಯವರೆಗೆ ಬಿಡಿಸಿ, ಇಪ್ಪತ್ತು ಎಣಿಸುವವರೆಗೆ ಹಿಡಿದಿರಬೇಕು. ಅದಾದ ಮೇಲೆ ಬೆರಳು ಹಾಗೆಯೇ ನಿಲ್ಲಲು ಪ್ಲಾಸ್ಟಿಕ್ಕಿನ ಪುಟ್ಟ ಪಟ್ಟಿ ಕಟ್ಟಬೇಕು. ಕೂಸು ಕಿರುಚಿಕೊಂಡಿತು.

“ಅಳುತ್ತೆ, ಅಳಲಿ. ಅಳ್ಲಿಲ್ಲ ಅಂದ್ರೆ ನೀವು ಸರಿಯಾಗಿ ಮಾಡ್ತಿಲ್ಲ ಅಂತ ಅರ್ಥ,” ಎಂದರು ಮೇಡಂ. “ದಿನಕ್ಕೆ ಎಂಟು ಸಲ. ಮೊದಲ ಆರು ತಿಂಗಳಲ್ಲಿ ಬಂದಷ್ಟೇ ಬರೋದು. ಮನೇಲಿ ಯಾರು ಮಾಡ್ತೀರಿ?”

ಅಮ್ಮನ ಕೈ ಮಗಳು ನೋಡಿದಳು, ಮಗಳ ಕೈ ಅಮ್ಮ ನೋಡಿದಳು. ಮಡಚಿದ ಬೆರಳಿನಿಂದ ಮಡಚಿದ ಬೆರಳನ್ನು ಬಿಡಿಸುವುದು ಹೇಗೆ? ಮೇಡಂ ಚೀಟಿ ಬರೆಯುತ್ತ ತಲೆ ತಗ್ಗಿಸಿದ್ದರು.

“ನಾನು ನೋಡ್ಕೋತೀನಿ,” ಎಂದಳು ಫಾರಮ್ಮ.

ಹೊರಗೆ ಬಂದ ಮೇಲೆ ಮೆಟ್ಟಿಲ ಬಳಿ ಮಗಳು ನಿಂತಳು. “ಅಮ್ಮಾ, ನನ್ನ ಕೈಗೆ ಮಾಡಿದ್ದನ್ನ ಇವಳ ಕೈಗೆ ಮಾಡ್ಬೇಡ. ಇಷ್ಟೇ ನಾನು ಕೇಳೋದು.”

ಇಪ್ಪತ್ತೈದು ವರ್ಷದಲ್ಲಿ ಅವಳು ಆ ಮಾತು ಎತ್ತಿದ್ದು ಅದೇ ಮೊದಲು, ಅದೇ ಕೊನೆ. ಫಾರಮ್ಮ ಪ್ರೆಸ್ಸಿನ ಕೆಲಸ ಬಿಟ್ಟಳು. ಮಗಳು ಕೆಲಸಕ್ಕೆ ಹೋಗಲೇಬೇಕು, ಮನೆ ನಡೆಯುವುದು ಅದರಿಂದ. ಆಯಾಳನ್ನು ಇಡುವ ಶಕ್ತಿ ಅವರಿಗಿರಲಿಲ್ಲ, ಆಸ್ಪತ್ರೆಗೆ ಎರಡು ಬಸ್ಸು ಬದಲಿಸಿ ಹೋಗಬೇಕು. ಅದಕ್ಕೆ ಫಾರಮ್ಮ ಬೀದಿಯಲ್ಲಿ ನೇರ ಬೆರಳಿನವರನ್ನು ಹುಡುಕಿಕೊಂಡು ಹೊರಟಳು.

ಮಹಡಿಯ ಮನೆಯಲ್ಲಿ ಒಬ್ಬರು ಟೀಚರ್ ಇದ್ದರು. ಶಾಲೆಗೆ ಹೋಗುವ ಮೊದಲು ಒಂದು ಸಲ, ಬಂದ ಮೇಲೆ ಒಂದು ಸಲ, ಅವರು ಒಪ್ಪಿದರು. ಬೀದಿಯ ತಿರುವಿನಲ್ಲಿ ಕ್ಷೌರದ ಅಂಗಡಿ, ಅಲ್ಲಿ ಎರಡು ಸಲ. ಎದುರಿಗೆ ಇಸ್ತ್ರಿ ಅಂಗಡಿ, ಇಸ್ತ್ರಿಯವನು ಹೊಟ್ಟೆ ದೊಡ್ಡದಾದ, ಮಾತು ಕಡಿಮೆಯ ಮನುಷ್ಯ. ಅವನು ನಾಲ್ಕು ಸಲ ತಾನೇ ವಹಿಸಿಕೊಂಡ. ಅಂತೂ ಎಂಟಾಯಿತು. ಫಾರಮ್ಮ ಮೂವರಿಗೂ ಮೇಡಂ ತೋರಿಸಿದ್ದನ್ನು ಬಾಯಲ್ಲೇ ಹೇಳಿಕೊಟ್ಟಳು, “ಬುಡದಿಂದ, ಬುಡದಿಂದ” ಎಂದು ತಲೆ ತಿನ್ನುತ್ತಿದ್ದಳು. ಇಪ್ಪತ್ತನ್ನು ತಾನೇ ಎಣಿಸುತ್ತಿದ್ದಳು, ಹದಿನೈದಕ್ಕೆ ಯಾರಾದರೂ ಕೈಬಿಟ್ಟರೆ ಮತ್ತೆ ಒಂದರಿಂದ.

“ನಿಮ್ಮಷ್ಟು ಕಟ್ಟುನಿಟ್ಟು ನಮ್ಮ ಹೆಡ್‌ಮೇಡಮ್ಮೂ ಇಲ್ಲ ಕಣ್ರೀ,” ಎಂದು ಟೀಚರ್ ನಗುತ್ತಿದ್ದರು.

ಇಸ್ತ್ರಿಯವನ ಕೈಯೇ ಎಲ್ಲಕ್ಕಿಂತ ಒಳ್ಳೆಯದು. ಸದಾ ಬೆಚ್ಚಗಿರುವ ಕೈ. ಅವನು ಹಿಡಿದರೆ ಬೆರಳು ಕೊಂಚ ಬೇಗ ಸಡಿಲವಾಗುತ್ತಿತ್ತು. ಮೊದಲ ಒಂದೂವರೆ ತಿಂಗಳು ಕೂಸಿನ ಮೈಯೆಲ್ಲ ಕ್ಷೌರದ ಅಂಗಡಿಯ ಪೌಡರ್ ವಾಸನೆ, ಒಗೆದ ಬಟ್ಟೆಯ ಬಿಸಿ ವಾಸನೆ. ಒಂದು ದಿನ ಬಲಗೈಯ ಹೆಬ್ಬೆರಳು ತಾನಾಗಿಯೇ ಅಂಗೈಯಿಂದ ಒಂದು ಅಕ್ಕಿಕಾಳಿನಷ್ಟು ಹೊರಗೆ ಬಂದು ನಿಂತಿತು. ಫಾರಮ್ಮ ಅದನ್ನು ಬೀದಿಗೆಲ್ಲ ತೋರಿಸಿ ಬಂದಳು. ಮಗಳು ಸಂಜೆ ಬಂದು ನೋಡಿ, ಒಳಗೆ ಹೋಗಿ ಮುಖ ತೊಳೆದುಕೊಂಡಳು.

ಜನರ ಒಳ್ಳೆಯತನಕ್ಕೂ ದಣಿವಾಗುತ್ತದೆ, ಇದು ನನ್ನ ಅನುಭವ. ದಿನಕ್ಕೆ ಎರಡು ಸಲ ಎಂದರೆ ಕೇಳಲು ಎಷ್ಟು ಕಡಿಮೆ! ಭಾನುವಾರವೂ ಎರಡು, ಜ್ವರ ಬಂದರೂ ಎರಡು, ನೆಂಟರು ಬಂದರೂ ಎರಡು. ಅದೂ ಎಳೆ ಕೂಸೊಂದು ನಿಮ್ಮ ಕೈಯಲ್ಲೇ ಉಸಿರುಗಟ್ಟಿ ಅಳುತ್ತಿರುವಾಗ. ಟೀಚರಿಗೆ ಪರೀಕ್ಷೆಯ ಪೇಪರುಗಳು ಬಂದವು, ಬೆಳಗಿನದು ತಪ್ಪಿತು. ಆಮೇಲೆ ಸಂಜೆಯದೂ ತಪ್ಪಿತು. ಅವರು ಮೆಟ್ಟಿಲಿಳಿಯುವಾಗ ಸದ್ದಾಗದಂತೆ ಇಳಿಯತೊಡಗಿದಾಗ ಫಾರಮ್ಮ ಕೇಳುವುದನ್ನು ಬಿಟ್ಟಳು. ಕ್ಷೌರದ ಅಂಗಡಿಯಲ್ಲಿ ಒಂದು ದಿನ ಕೂಸಿನ ಕಿರುಚಾಟಕ್ಕೆ ಬೇಸತ್ತ ಗಿರಾಕಿಯೊಬ್ಬ ಅರ್ಧ ಗಡ್ಡದಲ್ಲೇ ಎದ್ದು ಹೋದ.

“ಅಮ್ಮಾ, ತಪ್ಪು ತಿಳ್ಕೋಬೇಡಿ. ಅಂಗಡಿ ಅಂದ್ಮೇಲೆ ಜನ ಬರಬೇಕಲ್ವಾ,” ಎಂದ ಕ್ಷೌರದವನು. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದೇ ದುಃಖ.

ಇಸ್ತ್ರಿಯವನು ಮಾತ್ರ ಇನ್ನೊಂದು ತಿಂಗಳು ನಡೆಸಿದ. ನಾಲ್ಕೇ ಸಲ, ಆದರೂ ತಪ್ಪದೆ. ಕೊನೆಗೆ ಅವನ ಹೆಂಡತಿ ಒಂದು ಮಧ್ಯಾಹ್ನ ಬಾಗಿಲಿಗೆ ಅಡ್ಡ ನಿಂತಳು.

“ನಾಳೆ ಮೂಳೆ ಗೀಳೆ ಮುರಿದ್ರೆ ನಮ್ಮ ತಲೆ ಮೇಲೆ ಬರುತ್ತೆ. ಮಗು ಹಂಗೆ ಅಳೋದು ನನ್ನ ಕೈಲಿ ನೋಡಕ್ಕಾಗಲ್ಲ. ನಿಮ್ಮನೇಲಿ ಯಾರೂ ಇಲ್ವಾ?”

ಇಸ್ತ್ರಿಯವನು ಒಳಗೆ ಬಟ್ಟೆಯ ಮೇಲೆ ನೀರು ಚಿಮುಕಿಸುತ್ತ ತಲೆ ಎತ್ತಲಿಲ್ಲ.

ಆ ಸಂಜೆ ಮಗಳು ಚಪ್ಪಲಿ ಬಿಡುತ್ತ ದಿನವೂ ಕೇಳುವ ಹಾಗೆಯೇ ಕೇಳಿದಳು. “ಎಂಟಾಯ್ತಾ?”

“ಆಯ್ತು,” ಎಂದಳು ಫಾರಮ್ಮ.

ಅಲ್ಲಿಗೆ ಎಂಟು ನಿಂತು ಎರಡು ತಿಂಗಳ ಮೇಲಾಗಿತ್ತು. ಆರಾಯಿತು ಎನ್ನಬೇಕಾದ ದಿನ ಎಂಟು ಎಂದಿದ್ದಳು, ನಾಲ್ಕು ಎನ್ನಬೇಕಾದ ದಿನಗಳಲ್ಲೂ ಎಂಟು ಎಂದಿದ್ದಳು. ಇವತ್ತು ಸೊನ್ನೆಯನ್ನೂ ಎಂಟು ಎಂದಳು. ಹೇಳಿಬಿಡಬಹುದಿತ್ತು. ಹೇಳಿದರೆ ಮಗಳು ಕೆಲಸ ಬಿಡುತ್ತಾಳೆ, ಕೆಲಸ ಬಿಟ್ಟರೂ ಆ ಕೈಯಲ್ಲಿ ಮಾಡಲಾಗುವುದಿಲ್ಲ, ಮನೆಯೂ ಮುಳುಗುತ್ತದೆ, ಕೂಸಿನ ಕೈಯೂ ಮುಳುಗುತ್ತದೆ. ಹೀಗೆಲ್ಲ ಅವಳು ಲೆಕ್ಕ ಹಾಕಿದಳು. ಅದರ ಕೆಳಗೆ ನಿಜವಾದ ಕಾರಣ ಇತ್ತು: ಮೆಟ್ಟಿಲ ಬಳಿ ಮಗಳು ಹೇಳಿದ ಮಾತನ್ನು ಎರಡನೇ ಸಲ ಕೇಳುವ ಧೈರ್ಯ ಅವಳಿಗಿರಲಿಲ್ಲ.

ಮಾರನೇ ದಿನದಿಂದ ತಾನೇ ಪ್ರಯತ್ನ ಮಾಡಿದಳು. ಎರಡು ಗೆಣ್ಣುಗಳ ನಡುವೆ ಕೂಸಿನ ಹೆಬ್ಬೆರಳನ್ನು ಸಿಕ್ಕಿಸಿ ಎಳೆದರೆ ಜಾರುತ್ತಿತ್ತು. ಚಮಚದ ಹಿಡಿಯಿಂದ ಎಬ್ಬಿಸಲು ನೋಡಿದಳು, ಗೀರಾಯಿತು, ಹೆದರಿ ಚಮಚ ಎಸೆದಳು. ಕೊನೆಗೆ ಬಾಗಿ, ಆ ಪುಟ್ಟ ಹೆಬ್ಬೆರಳನ್ನು ತನ್ನ ತುಟಿಗಳ ನಡುವೆ ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆದಳು. ಬಂತು, ಕೂದಲೆಳೆಯಷ್ಟು ಬಂತು, ಮತ್ತೆ ಜಾರಿ ಒಳಗೆ ಹೋಯಿತು. ಕೂಸಿಗೆ ಅದು ಆಟ. ಕಿಲಕಿಲ ನಗುತ್ತಿತ್ತು. ಅಜ್ಜಿ ಬಾಗಿದರೆ ಸಾಕು, ತಾನೇ ಮುಷ್ಟಿ ತಂದು ಬಾಯಿಗೆ ಒತ್ತುತ್ತಿತ್ತು. ದಿನಕ್ಕೆ ಎಂಟಲ್ಲ, ಇಪ್ಪತ್ತು ಸಲ ಮಾಡಿದಳು. ಕೂಸು ಇಪ್ಪತ್ತು ಸಲವೂ ನಕ್ಕಿತು. ಆ ನಗು ಕೇಳಿದಾಗಲೆಲ್ಲ ಫಾರಮ್ಮನಿಗೆ ಮೇಡಂ ಹೇಳಿದ ಮಾತು ನೆನಪಾಗುತ್ತಿತ್ತು, ಅಳದಿದ್ದರೆ ಸರಿಯಾಗಿ ಮಾಡುತ್ತಿಲ್ಲ ಎಂದು ಅರ್ಥ. ಪಟ್ಟಿ ಈಗ ಸರಿಯಾಗಿ ಕೂರುತ್ತಿರಲಿಲ್ಲ. ಮಗಳು ಬರುವ ಹೊತ್ತಿಗೆ ಸುಮ್ಮನೆ ಮೇಲೆ ಸುತ್ತಿ ಇಡುತ್ತಿದ್ದಳು.

ಆರು ತಿಂಗಳು ತುಂಬಿದ ಮೇಲೆ ತಪಾಸಣೆಗೆ ಹೋದರು. ಮೇಡಂ ಕೋನ ಅಳೆಯುವ ಸಲಕರಣೆಯನ್ನು ಬೆರಳುಗಳ ಪಕ್ಕಕ್ಕೆ ಹಿಡಿದರು, ಹಳೆಯ ಚೀಟಿ ನೋಡಿದರು, ಮತ್ತೊಮ್ಮೆ ಅಳೆದರು.

“ಮೊದಲಿಗಿಂತ ಬಿಗಿಯಾಗಿದೆ. ದಿನಾ ಎಷ್ಟು ಸಲ ಮಾಡ್ತಿದೀರಿ?”

“ಎಂಟು,” ಎಂದಳು ಮಗಳು. “ಅಮ್ಮ ಒಂದಿನಾನೂ ತಪ್ಪಿಸಲ್ಲ.”

“ಹಾಗಿದ್ರೆ ಮಾಡೋ ರೀತೀಲಿ ಏನೋ ತಪ್ಪಿದೆ. ಅಜ್ಜಿ, ಒಂದ್ಸಲ ಮಾಡಿ ತೋರಿಸಿ.”

ಫಾರಮ್ಮ ಮೇಜಿನ ಹತ್ತಿರ ಹೋದಳು. ಸೆರಗಿನ ಕೆಳಗಿಂದ ಕೈ ಹೊರಗೆ ತೆಗೆದಳು. ಮೇಡಂ ಆ ಕೈಯನ್ನು ಮೊದಲ ಸಲ ಸರಿಯಾಗಿ ನೋಡಿದ್ದು ಆಗಲೇ ಇರಬೇಕು, ಅವರ ಮುಖ ಬದಲಾಯಿತು. ಆದರೆ ಮಾಡಿ ತೋರಿಸಿ ಎಂದಾಗಿತ್ತು. ಫಾರಮ್ಮ ಬಾಗಿದಳು, ಹೆಬ್ಬೆರಳನ್ನು ತುಟಿಯಲ್ಲಿ ಹಿಡಿದಳು, ಎಳೆದಳು. ಕೂಸು ಕಾಲು ಬಡಿದು ಜೋರಾಗಿ ನಕ್ಕಿತು. ಪಕ್ಕದ ಮೇಜಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ.

“ಸಾಕು, ಸಾಕು ಬಿಡಿ,” ಎಂದರು ಮೇಡಂ.

ಫಾರಮ್ಮ ಮಗಳ ಕಡೆ ತಿರುಗಲಿಲ್ಲ. ಬೈಗುಳ ಬರಲಿ ಎಂದು ಕಾಯುತ್ತ ಮೇಜಿನ ಅಂಚು ಹಿಡಿದು ನಿಂತಳು. ಮಗಳು ಮೇಡಂ ಜೊತೆಗೇ ಮಾತಾಡಿದಳು.

“ನಂಗೆ ಗೊತ್ತಿತ್ತು ಮೇಡಂ. ಸಂಜೆ ಬಂದ್ರೆ ಮಗು ಕಣ್ಣಲ್ಲಿ ಅತ್ತಿರೋ ಗುರುತೇ ಇರ್ತಿರ್ಲಿಲ್ಲ. ಗೊತ್ತಿದ್ದೂ ಕೇಳ್ಲಿಲ್ಲ. ಕೇಳಿದ್ರೆ ನಾನೇ ಮಾಡ್ಬೇಕಾಗ್ತಿತ್ತು. ಯಾವ ಕೈಲಿ ಮಾಡ್ಲಿ, ಹೇಳಿ?”

ಬೈದಿದ್ದರೆ ಫಾರಮ್ಮ ತಡೆದುಕೊಳ್ಳುತ್ತಿದ್ದಳು. ಇಪ್ಪತ್ತೈದು ವರ್ಷದಿಂದ ಅದಕ್ಕೆ ತಯಾರಾಗಿಯೇ ಇದ್ದಳು. ಇದಕ್ಕೆ ತಯಾರಾಗಿರಲಿಲ್ಲ.

ಮೇಡಂ ಕೂಸಿನ ಬಲಗೈಯನ್ನು ಇನ್ನೊಮ್ಮೆ ಹಿಡಿದು ನೋಡಿ, ಇನ್ನೂ ಎರಡು ತಿಂಗಳು ಬಿಡದೆ ಮಾಡಿದರೆ ಬಲಗೈ ಹೆಬ್ಬೆರಳಾದರೂ ಒಂದಿಷ್ಟು ಸಿಗಬಹುದು, ಅದೊಂದಿದ್ದರೆ ಪೆನ್ಸಿಲ್ಲು ಹಿಡಿದಾಳು ಎಂದರು. ಉಳಿದ ಬೆರಳುಗಳ ಮಾತನ್ನೇ ಎತ್ತಲಿಲ್ಲ. ಬಸ್ಸಿನಲ್ಲಿ ಕೂಸು ಮಗಳ ಮಡಿಲಲ್ಲಿತ್ತು. “ಕೊಡು, ನಾನು ಎತ್ಕೋತೀನಿ” ಎಂದು ಫಾರಮ್ಮ ಎರಡು ಸಲ ಕೇಳಿದಳು. ಎರಡು ಸಲವೂ ಮಗಳು, “ಬೇಡ ಬಿಡು, ನಿಂಗೂ ಸಾಕಾಗಿದೆ” ಎಂದಳು. ದನಿಯಲ್ಲಿ ಕೋಪವಿರಲಿಲ್ಲ.

ಮಾರನೇ ಬೆಳಿಗ್ಗೆ ಮಗಳು ಕೂಸನ್ನು ಎದೆಗೆ ಕಟ್ಟಿಕೊಂಡು ಕೆಲಸಕ್ಕೆ ಹೊರಟಳು. “ಅಲ್ಲಿ ಕಂಡಕ್ಟರುಗಳಿದ್ದಾರೆ, ಕೌಂಟರಿನವರಿದ್ದಾರೆ. ಯಾರನ್ನಾದ್ರೂ ಕೇಳ್ತೀನಿ. ಎಂಟು ಕೈ ಸಿಗಲ್ವಾ?”

ನಿಲ್ದಾಣ ಎರಡೇ ಬೀದಿಯ ಆಚೆ. ಮೈಕಿನ ಗುಂಡಿ ಒತ್ತಿ ಒತ್ತಿ ಬಿಡುವುದು ಮಗಳ ಕೈಗೆ ಆಗದ ಕೆಲಸ, ಹಾಗಾಗಿ ಬೆಳಿಗ್ಗೆ ಹಚ್ಚಿದ್ದು ಸಂಜೆಯವರೆಗೂ ಹಚ್ಚಿಯೇ ಇರುತ್ತದೆ. ಅವಳ ಕೆಮ್ಮು, ಕುರ್ಚಿಯ ಕಿರ್ರೆನ್ನುವ ಸದ್ದು, ಕಂಡಕ್ಟರುಗಳ ಹರಟೆ ಎಲ್ಲವೂ ಲೌಡ್‌ಸ್ಪೀಕರಿನಲ್ಲಿ ಮನೆ ಬಾಗಿಲಿಗೆ ಕೇಳುತ್ತದೆ. ಮೊದಲ ದಿನ ಬಸ್ಸಿನ ಹೆಸರುಗಳ ನಡುವೆ ಕೂಸು ಏಳು ಸಲ ಕಿರುಚಿದ್ದು ಕೇಳಿಸಿತು. ಫಾರಮ್ಮ ಹೊಸ್ತಿಲ ಮೇಲೆ ಕೂತು ಪ್ರತಿ ಸಲವೂ ಇಪ್ಪತ್ತು ಎಣಿಸಿದಳು. ಒಂದು ಸಲ ಹನ್ನೆರಡಕ್ಕೇ ಅಳು ನಿಂತಾಗ, “ಹಿಡೀರಪ್ಪಾ, ಇನ್ನೂ ಎಂಟಿದೆ” ಎಂದು ಬೀದಿಗೆ ಕೇಳುವಂತೆ ಕೂಗಿದಳು. ಎದುರಿಗೆ ಇಸ್ತ್ರಿಯವನು ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದ.

ಎರಡನೇ ವಾರ ಅಳು ಮೂರಕ್ಕೆ ಇಳಿಯಿತು. ಮೂರನೇ ವಾರದ ಒಂದು ದಿನ ಬೆಳಿಗ್ಗೆಯಿಂದ ಬರೀ ಬಸ್ಸುಗಳು. ಮಗಳು ಒಂದನೇ ಅಂಕಣ, ನಾಲ್ಕನೇ ಅಂಕಣ ಎಂದು ಒಂದೇ ಸಮನೆ ಹೇಳುತ್ತಿದ್ದಳು. ನಡುವೆ ಕೂಸು ಏನೋ ತೊದಲುತ್ತಿತ್ತು, ಯಾರೋ ಮುದ್ದು ಮಾಡಿದ ಹಾಗಿತ್ತು. ಮಧ್ಯಾಹ್ನದವರೆಗೂ ಫಾರಮ್ಮ ಒಲೆ ಹಚ್ಚದೆ, ಈಗ ಅಳುತ್ತದೆ, ಈಗ ಅಳುತ್ತದೆ ಎಂದು ಹೊಸ್ತಿಲಲ್ಲೇ ಕೂತಿದ್ದಳು. ಅಳು ಕಂದಾ, ಅಳು ನನ್ನವ್ವಾ ಎಂದು ಬಾಯಿಬಿಟ್ಟು ಬೇಡಿಕೊಂಡಳು. ಸಂಜೆ ಐದಕ್ಕೆ ಮಗಳು ತನ್ನ ಪಾಳಿಯ ಕೊನೆಯ ಬಸ್ಸು ಹೇಳಿ ಮೈಕು ಆರಿಸಿದಳು. ಅಲ್ಲಿಯವರೆಗೂ ಕೂಸು ನಗುತ್ತಲೇ ಇತ್ತು.